ಮೆದುಳಿನ ಗೆಡ್ಡೆ ಮತ್ತು ಲೇಸರ್: ಕತ್ತರಿಸುವ ಬೆಳಕಿನಿಂದ ಗುರುತಿಸುವ ಬೆಳಕಿನವರೆಗೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ನಿವಾಸಿಗಳಿಗೆ ಲೇಸರ್ ಎಂಬ ಮಾತು ಬಹುಕಾಲದಿಂದ ಪರಿಚಿತವಾಗಿದೆ. ಸಕ್ಕರೆ ಕಾಯಿಲೆಯಿಂದ ಹಾಳಾದ ಅಕ್ಷಿಪಟಲಕ್ಕೆ ಮಿಂಟೋದಂಥ ಕಣ್ಣಾಸ್ಪತ್ರೆಗಳಲ್ಲಿ ಲೇಸರ್ ಹಾಯಿಸಿಕೊಂಡು ಬಂದ ಹಿರಿಯರು ಈ ಬಡಾವಣೆಗಳ ಅನೇಕ ಮನೆಗಳಲ್ಲಿದ್ದಾರೆ. ಮೂಲವ್ಯಾಧಿ, ಮೂತ್ರಪಿಂಡದ ಕಲ್ಲು, ಉಬ್ಬಿದ ರಕ್ತನಾಳ, ಚರ್ಮದ ಕಲೆ ಮುಂತಾದವುಗಳಿಗೆ ಲೇಸರ್ ಚಿಕಿತ್ಸೆ ದೊರೆಯುತ್ತದೆಂದು ಸಾರುವ ಫಲಕಗಳು ಮುಖ್ಯರಸ್ತೆಗಳಲ್ಲೆಲ್ಲ ಕಾಣುತ್ತವೆ. ಹೀಗಿರುವಾಗ ಮನೆಯವರೊಬ್ಬರ ಎಂಆರ್‌ಐ ಚಿತ್ರದಲ್ಲಿ ಮೆದುಳಿನ ಗೆಡ್ಡೆ ಕಂಡೊಡನೆ, ತಲೆಬುರುಡೆಯನ್ನು ತೆರೆಯದೆ ಲೇಸರ್‌ನಿಂದಲೇ ಅದನ್ನು ಕರಗಿಸಲಾಗದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ; ಏಕೆಂದರೆ ಮೆದುಳಿನ ಶಸ್ತ್ರಚಿಕಿತ್ಸೆಯಲ್ಲಿ ಲೇಸರ್ ಒಂದೇ ಕೆಲಸವನ್ನು ಮಾಡುವುದಿಲ್ಲ.

ಕಳೆದ ಆರು ದಶಕಗಳ ಅನುಭವವನ್ನು ಒಟ್ಟಾಗಿ ನೋಡಿದರೆ ನಾಲ್ಕು ಬಗೆಯ ಬಳಕೆಗಳು ಸ್ಪಷ್ಟವಾಗಿ ಬೇರೆಬೇರೆಯಾಗಿ ನಿಲ್ಲುತ್ತವೆ: ಗೆಡ್ಡೆಯ ಅಂಗಾಂಶವನ್ನು ಕತ್ತರಿಸಿ ಆವಿಯಾಗಿಸುವುದು, ತೆಳುವಾದ ಎಳೆಯೊಂದನ್ನು ಒಳತೂರಿಸಿ ಗೆಡ್ಡೆಯನ್ನು ಒಳಗಿನಿಂದಲೇ ಕಾಯಿಸಿ ನಾಶಮಾಡುವುದು, ಗೆಡ್ಡೆಯೊಳಗೆ ಸೇರಿದ ಔಷಧವನ್ನು ಬೆಳಕಿನಿಂದ ಸಕ್ರಿಯಗೊಳಿಸುವುದು, ಮತ್ತು ಕಣ್ಣೆದುರಿನ ಅಂಗಾಂಶ ಗೆಡ್ಡೆಯೋ ಆರೋಗ್ಯವಂತ ಮೆದುಳೋ ಎಂಬುದನ್ನು ತಿಳಿಸುವುದು. ಇವುಗಳಲ್ಲಿ ಮೊದಲನೆಯದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಹೆಚ್ಚು ನಿರೀಕ್ಷೆ ಹುಟ್ಟಿಸಿದ್ದು. ಕೊನೆಯದು ಸಾರ್ವಜನಿಕರಿಗೆ ಎಲ್ಲಕ್ಕಿಂತ ಕಡಿಮೆ ಪರಿಚಿತವಾದದ್ದು. ಆದರೂ ಮೆದುಳಿನ ಗೆಡ್ಡೆಯ ಮೂಲ ಸಮಸ್ಯೆಗೆ ಹತ್ತಿರವಾಗಿರುವುದು ಕೊನೆಯ ಬಳಕೆಯೇ ಎಂಬುದನ್ನೂ, ಬೆಂಗಳೂರಿನ ಸಂಸ್ಥೆಗಳು ತಮ್ಮ ಗಮನವನ್ನೂ ಹಣವನ್ನೂ ಮೊದಲು ಅತ್ತ ಹರಿಸುವುದು ಉಚಿತವೆಂಬುದನ್ನೂ ಈ ಸಮೀಕ್ಷೆ ತೋರಿಸಲು ಬಯಸುತ್ತದೆ.

ಗೆಡ್ಡೆಯ ಅಂಚೆಂಬ ಸಮಸ್ಯೆ

ಮೆದುಳಿನ ಗೆಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ಮೆದುಳನ್ನು ಸುತ್ತಿಕೊಂಡಿರುವ ಪೊರೆಗಳಿಂದ ಹುಟ್ಟುವ ಮೆನಿಂಜಿಯೋಮಾ ಬಹುಪಾಲು ನಿರಪಾಯಕಾರಿಯಾಗಿದ್ದು, ಮೆದುಳನ್ನು ಹೊರಗಿನಿಂದ ಒತ್ತುತ್ತದೆಯೇ ಹೊರತು ಸಾಮಾನ್ಯವಾಗಿ ಅದರೊಳಗೆ ಬೆರೆಯುವುದಿಲ್ಲ; ಆದ್ದರಿಂದ ಅದರ ಅಂಚನ್ನು ಕಣ್ಣಿನಿಂದಲೇ ಗುರುತಿಸಬಹುದು. ಶ್ವಾಸಕೋಶ, ಸ್ತನ ಮುಂತಾದ ಅಂಗಗಳ ಕ್ಯಾನ್ಸರ್ ರಕ್ತದ ಮೂಲಕ ಬಂದು ಮೆದುಳಿನಲ್ಲಿ ನೆಲೆಯೂರಿದಾಗ ಅದನ್ನು ಮೆಟಾಸ್ಟಾಸಿಸ್ ಅಥವಾ ದ್ವಿತೀಯಕ ಗೆಡ್ಡೆ ಎನ್ನುತ್ತಾರೆ. ಅದಕ್ಕೂ ಬಹುಮಟ್ಟಿಗೆ ಒಂದು ಎಲ್ಲೆಯಿರುತ್ತದೆ. ನರಕೋಶಗಳಿಗೆ ಆಸರೆಯಾಗಿರುವ ಗ್ಲಯಲ್ ಕೋಶಗಳಿಗೆ ಸಂಬಂಧಿಸಿದ ಗ್ಲಯೋಮಾಗಳ ಸ್ವಭಾವ ಮಾತ್ರ ತೀರ ಭಿನ್ನ. ಅವುಗಳ ಕೋಶಗಳು ಮೆದುಳಿನ ಬಿಳಿಯ ತಂತುಮಾರ್ಗಗಳ ಗುಂಟ ದೂರದೂರಕ್ಕೆ ಹರಿದುಹೋಗುವುದರಿಂದ, ಎಂಆರ್‌ಐ ಚಿತ್ರದಲ್ಲಿ ಹೊಳೆಯುವ ಗೆಡ್ಡೆಯ ಆಚೆಗೂ ರೋಗ ಹಬ್ಬಿಕೊಂಡಿರುತ್ತದೆ.

ಈ ಹರಡುವಿಕೆಯ ಆಳವನ್ನು ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1928ರಲ್ಲಿ ಪ್ರಕಟಿಸಿದ ಅನುಭವ ಮನಗಾಣಿಸುತ್ತದೆ. ಗ್ಲಯೋಮಾದಿಂದ ಆಗಲೇ ದೇಹದ ಎಡಭಾಗದ ಸ್ವಾಧೀನ ಕಳೆದುಕೊಂಡಿದ್ದ ರೋಗಿಗಳಲ್ಲಿ ಅವರು ಮೆದುಳಿನ ಬಲ ಅರ್ಧಗೋಲವನ್ನೇ ತೆಗೆದುಹಾಕಿದ್ದರು. ಅಷ್ಟು ದೊಡ್ಡ ಛೇದನವೂ ರೋಗವನ್ನು ಬೇರುಸಹಿತ ಕೀಳಲಿಲ್ಲ. ಗ್ಲಯೋಮಾಗಳಲ್ಲಿ ಅತ್ಯಂತ ಉಗ್ರವಾದ ಗ್ಲಯೋಬ್ಲಾಸ್ಟೋಮಾಗೆ ಇಂದಿಗೂ ಪ್ರಮಾಣೀಕೃತ ಚಿಕಿತ್ಸೆಯೆಂದರೆ ಶಸ್ತ್ರಚಿಕಿತ್ಸೆ, ಅನಂತರ ವಿಕಿರಣ ಮತ್ತು ಟೆಮೊಜೊಲೊಮೈಡ್ ಎಂಬ ಗುಳಿಗೆ. ಈ ಕ್ರಮವನ್ನು ನೆಲೆಗೊಳಿಸಿದ 2005ರ ಅಧ್ಯಯನದಲ್ಲಿ ವಿಕಿರಣವನ್ನಷ್ಟೇ ಪಡೆದವರ ಮಧ್ಯಾಂಕ ಬದುಕು 12.1 ತಿಂಗಳಾಗಿದ್ದರೆ, ಗುಳಿಗೆಯನ್ನೂ ಪಡೆದವರದು 14.6 ತಿಂಗಳಾಗಿತ್ತು. ಮಧ್ಯಾಂಕ ಎಂದರೆ ರೋಗಿಗಳಲ್ಲಿ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು, ಅರ್ಧದಷ್ಟು ಜನ ಅದಕ್ಕಿಂತ ಕಡಿಮೆ ಕಾಲ ಬದುಕಿದರು ಎಂದರ್ಥ.

ಶಸ್ತ್ರವೈದ್ಯರ ಇಕ್ಕಟ್ಟು ಇಲ್ಲಿಯೇ ಇದೆ. ಕಾಣುವ ಗೆಡ್ಡೆಯನ್ನು ಎಷ್ಟು ಹೆಚ್ಚು ತೆಗೆದರೆ ರೋಗಿಗೆ ಅಷ್ಟು ಹೆಚ್ಚು ಕಾಲ ದೊರೆಯುವ ಸಾಧ್ಯತೆಯಿದೆ. ಆದರೆ ಮಾತು, ಚಲನೆ, ದೃಷ್ಟಿಗಳನ್ನು ನಡೆಸುವ ಭಾಗಕ್ಕೆ ಕೆಲವೇ ಮಿಲಿಮೀಟರ್‌ಗಳಷ್ಟು ಒತ್ತುವರಿಯಾದರೂ ದೊರೆತ ಆ ಕಾಲದ ಗುಣವೇ ಕುಸಿಯುತ್ತದೆ. ಸೂಕ್ಷ್ಮದರ್ಶಕ, ಎಂಆರ್‌ಐ ಚಿತ್ರಗಳನ್ನಾಧರಿಸಿ ದಾರಿ ತೋರಿಸುವ ನ್ಯಾವಿಗೇಷನ್ ಯಂತ್ರ, ರೋಗಿಯನ್ನು ಎಚ್ಚರವಾಗಿಟ್ಟು ಮಾತನಾಡಿಸುತ್ತ ನಡೆಸುವ ಶಸ್ತ್ರಚಿಕಿತ್ಸೆ ಇವೆಲ್ಲವೂ ಎಲ್ಲಿ ನಿಲ್ಲಬೇಕು ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುವ ಸಾಧನಗಳಾಗಿವೆ. ಲೇಸರ್‌ನ ಬೆಲೆಯನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಕತ್ತರಿಸುವ ಬೆಳಕು

ಸಾಮಾನ್ಯ ದೀಪದ ಬೆಳಕಿನಲ್ಲಿ ಹಲವು ಬಣ್ಣಗಳು ಬೆರೆತು ಎಲ್ಲ ದಿಕ್ಕುಗಳಿಗೂ ಚೆಲ್ಲುತ್ತವೆ. ಲೇಸರ್‌ನಲ್ಲಿ ಹೆಚ್ಚುಕಡಿಮೆ ಒಂದೇ ತರಂಗಾಂತರದ ಬೆಳಕು ಒಂದೇ ಲಯದಲ್ಲಿ, ಒಂದೇ ದಿಕ್ಕಿನಲ್ಲಿ ಹೊರಡುತ್ತದೆ. ಇದಕ್ಕೆ ಆಧಾರವಾದ ಪ್ರಚೋದಿತ ಉತ್ಸರ್ಜನೆಯ ಕಲ್ಪನೆಯನ್ನು ಐನ್‌ಸ್ಟೈನ್ 1917ರಲ್ಲಿ ಮುಂದಿಟ್ಟರು, ಥಿಯೊಡೋರ್ ಮೈಮನ್ 1960ರ ಮೇ ತಿಂಗಳಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊರಡಿಸಿದರು. ವೈದ್ಯಕೀಯಕ್ಕೆ ಮುಖ್ಯವಾದ ಸಂಗತಿಯೆಂದರೆ, ಒಂದೊಂದು ತರಂಗಾಂತರವನ್ನೂ ದೇಹದ ಒಂದೊಂದು ಘಟಕ ಹೀರಿಕೊಳ್ಳುತ್ತದೆ: ಕೆಲವನ್ನು ನೀರು, ಕೆಲವನ್ನು ರಕ್ತದ ಹಿಮೋಗ್ಲೋಬಿನ್. ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ, ಅಲ್ಲಿ ಸುಡುತ್ತದೆಯೋ ಹೆಪ್ಪುಗಟ್ಟಿಸುತ್ತದೆಯೋ ಎಂಬುದು ಇದರ ಮೇಲೆಯೇ ನಿಂತಿದೆ.

ಮೆದುಳಿನ ಮೇಲಿನ ಮೊದಲ ಪ್ರಯೋಗಗಳು ಉತ್ತೇಜನಕಾರಿಯಾಗಿರಲಿಲ್ಲ. 1960ರ ದಶಕದ ನಡುವಿನಲ್ಲಿ ಮಾಣಿಕ್ಯದ ಲೇಸರ್‌ನ ಬಲವಾದ ಮಿಡಿತಗಳನ್ನು ಇಲಿಗಳ ತಲೆಯ ಮೇಲೆ ಹಾಯಿಸಿದಾಗ, ತಲೆಬುರುಡೆಯೊಳಗಿನ ಒತ್ತಡ ಹಠಾತ್ತಾಗಿ ಏರಿ ಪ್ರಾಣಿಗಳು ಸತ್ತವು. ಪಿಟ್ಸ್‌ಬರ್ಗ್‌ನ ರೊಸೊಮಾಫ್ ಮತ್ತು ಕ್ಯಾರೊಲ್ ಮನುಷ್ಯರ ಗ್ಲಯೋಮಾದ ಮೇಲೆ ಇದೇ ಲೇಸರ್ ಪ್ರಯೋಗಿಸಿದ ವರದಿಯನ್ನು 1966ರಲ್ಲಿ ಪ್ರಕಟಿಸಿದರು. ಮಿಡಿತವಾಗಿ ಬರುವ, ಹತೋಟಿಗೆ ಸಿಗದ ಶಕ್ತಿ ಮೆದುಳಿಗೆ ತಕ್ಕುದಲ್ಲ ಎಂಬ ತಿಳಿವಳಿಕೆ ಈ ಘಟ್ಟದಲ್ಲಿ ಮೂಡಿತು.

ಪರಿಸ್ಥಿತಿಯನ್ನು ಬದಲಿಸಿದ್ದು ಇಂಗಾಲದ ಡೈಆಕ್ಸೈಡ್ ಲೇಸರ್. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಇದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದರು. ಇದರ 10.6 ಮೈಕ್ರೊಮೀಟರ್ ತರಂಗಾಂತರವನ್ನು ನೀರು ಬಲವಾಗಿ ಹೀರಿಕೊಳ್ಳುತ್ತದೆ. ಮೆದುಳಿನ ಅಂಗಾಂಶದಲ್ಲಿ ನೀರೇ ಹೆಚ್ಚಾಗಿರುವುದರಿಂದ ಬೆಳಕಿನ ಶಕ್ತಿಯೆಲ್ಲ ತೆಳುವಾದ ಮೇಲ್ಪದರದಲ್ಲೇ ಖರ್ಚಾಗಿ, ಆ ಪದರ ಆವಿಯಾಗುತ್ತದೆ, ಕೆಳಗಿನ ಅಂಗಾಂಶ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಗೆಡ್ಡೆಯನ್ನು ಮುಟ್ಟದೆ, ಎಳೆಯದೆ, ಪದರಪದರವಾಗಿ ಕಳೆಯುವ ಈ ಗುಣ ಮೆದುಳುಕಾಂಡ, ಬೆನ್ನುಹುರಿಗಳಂಥ ನಾಜೂಕಿನ ಜಾಗಗಳಲ್ಲಿ ಶಸ್ತ್ರವೈದ್ಯರನ್ನು ಆಕರ್ಷಿಸಿತು. ಅಮೆರಿಕದ ಸಿಡ್ನಿ ಸ್ಟೆಲ್ಲರ್ ಇದನ್ನು ಗ್ಲಯೋಮಾಗೆ ಬಳಸಿ ನೋಡಿದರು. 1970ರ ದಶಕದಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದ ಪೀಟರ್ ಆಶರ್ ಇದನ್ನು ಸೂಕ್ಷ್ಮದರ್ಶಕದೊಂದಿಗೆ ಜೋಡಿಸಿ ಜನಪ್ರಿಯಗೊಳಿಸಿದರು. 1980ರ ದಶಕದಲ್ಲಿ ಪ್ಯಾಟ್ರಿಕ್ ಕೆಲ್ಲಿ ಗೆಡ್ಡೆಯ ಸ್ಕ್ಯಾನ್ ಚಿತ್ರಗಳಿಂದ ಕಂಪ್ಯೂಟರ್‌ನಲ್ಲಿ ಅದರ ಮೂರು ಆಯಾಮದ ಆಕಾರವನ್ನು ಕಟ್ಟಿ, ಆ ಆಕಾರಕ್ಕೆ ತಕ್ಕಂತೆ ಲೇಸರ್ ಕಿರಣವನ್ನು ನಡೆಸುವ ವಿಧಾನವನ್ನು ಬೆಳೆಸಿದರು. ಇಂದಿನ ನ್ಯಾವಿಗೇಷನ್ ಯಂತ್ರಗಳ ಪೂರ್ವಜರಲ್ಲಿ ಅದೂ ಒಂದು.

ಆದರೂ ಈ ಉಪಕರಣ ಎಲ್ಲೆಡೆ ನೆಲೆಗೊಳ್ಳಲಿಲ್ಲ. ಇಂಗಾಲದ ಡೈಆಕ್ಸೈಡ್ ಲೇಸರ್ ಬಹು ಸಣ್ಣ ರಕ್ತನಾಳಗಳನ್ನಷ್ಟೇ ಮುಚ್ಚಬಲ್ಲದು. ಅದರ ಕಿರಣ ಸಾಮಾನ್ಯ ಗಾಜಿನ ಎಳೆಯಲ್ಲಿ ಹರಿಯದ ಕಾರಣ ಕನ್ನಡಿಗಳಿರುವ ಕೀಲುತೋಳು ಬೇಕಾಗುತ್ತಿತ್ತು. ದೊಡ್ಡ ಗೆಡ್ಡೆಯನ್ನು ಆವಿಯಾಗಿಸಲು ಬಹಳ ಹೊತ್ತು ಹಿಡಿಯುತ್ತಿತ್ತು. 1064 ನ್ಯಾನೊಮೀಟರ್‌ನ ನಿಯೋಡೈಮಿಯಂ-ಯಾಗ್ ಲೇಸರ್ ಎಳೆಯಲ್ಲಿ ಹರಿಯುತ್ತದೆ, ರಕ್ತವನ್ನು ಚೆನ್ನಾಗಿ ಹೆಪ್ಪುಗಟ್ಟಿಸುತ್ತದೆ, ಆದರೆ ಹಲವು ಮಿಲಿಮೀಟರ್ ಆಳಕ್ಕೆ ಇಳಿಯುವುದರಿಂದ ಕಣ್ಣಿಗೆ ಕಾಣದ ಸುಟ್ಟಗಾಯದ ಭಯವಿರುತ್ತದೆ. ಇದೇ ಹೊತ್ತಿಗೆ, 1970ರ ದಶಕದ ಕೊನೆಯಲ್ಲಿ, ಶ್ರವಣಾತೀತ ಕಂಪನದಿಂದ ಗೆಡ್ಡೆಯನ್ನು ಒಡೆದು ಹೀರಿ ತೆಗೆಯುವ ಉಪಕರಣ ನರಶಸ್ತ್ರಚಿಕಿತ್ಸೆಗೆ ಬಂತು. ಅದು ಹೆಚ್ಚು ವೇಗವಾಗಿ ಕೆಲಸ ಮಾಡುತ್ತಿತ್ತು, ರಕ್ತನಾಳಗಳನ್ನು ಸುಲಭವಾಗಿ ಹರಿಯುತ್ತಿರಲಿಲ್ಲ. ಹೀಗಾಗಿ ಕತ್ತರಿಸುವ ಲೇಸರ್‌ನ ಜಾಗವನ್ನು ಅದೇ ಬಹುಮಟ್ಟಿಗೆ ತುಂಬಿತು. ಮುಂದೆ ಟೊಳ್ಳು ಎಳೆಗಳೂ 2 ಮೈಕ್ರೊಮೀಟರ್ ಆಸುಪಾಸಿನ ಥೂಲಿಯಂ ಲೇಸರ್‌ಗಳೂ ಬಂದು, ಗಟ್ಟಿಯಾದ ಮೆನಿಂಜಿಯೋಮಾಗಳನ್ನೂ ಮೆದುಳಿನ ತಳದ ಗೆಡ್ಡೆಗಳನ್ನೂ ತೆಗೆಯುವಲ್ಲಿ ಲೇಸರ್‌ಗೆ ಸೀಮಿತವಾದ ಮರುಬಳಕೆ ದೊರೆತಿದೆ. ಅದು ಒಳ್ಳೆಯ ಕೈಗೆ ಸಿಕ್ಕ ಇನ್ನೊಂದು ಒಳ್ಳೆಯ ಆಯುಧ. ಗೆಡ್ಡೆಯ ಅಂಚು ಎಲ್ಲಿದೆ ಎಂಬುದನ್ನು ಅದು ತಿಳಿಸುವುದಿಲ್ಲ, ತಲೆಬುರುಡೆ ತೆರೆಯುವ ಅಗತ್ಯವನ್ನೂ ತಪ್ಪಿಸುವುದಿಲ್ಲ.

ಒಳಗಿನಿಂದ ಕಾಯಿಸುವ ಬೆಳಕು

ಸಣ್ಣ ರಂಧ್ರದ ಮೂಲಕ, ಲೆಕ್ಕ ಹಾಕಿದ ಬಿಂದುವಿಗೆ ಸಾಧನವನ್ನು ತಲುಪಿಸಿ ಮೆದುಳಿನ ಆಳದಲ್ಲಿ ಕೆಲಸ ಮಾಡುವ ವಿಧಾನವನ್ನು ಸ್ಟೀರಿಯೊಟ್ಯಾಕ್ಟಿಕ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಈ ಪರಂಪರೆಗೆ ಬೆಂಗಳೂರಿನಲ್ಲಿ ಆಳವಾದ ಬೇರುಗಳಿವೆ. ಲಾಲ್‌ಬಾಗಿನ ಆಚೆ, ಹೊಸೂರು ರಸ್ತೆಯಲ್ಲಿ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ 1958ರಲ್ಲಿ ಸೇರಿದ ಡಾ. ಆರ್. ಮಾರ್ತಾಂಡ ವರ್ಮ ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಕಟ್ಟಿದರು. ಪಾರ್ಕಿನ್ಸನ್ ರೋಗಕ್ಕೆ ತಲೆಬುರುಡೆಯ ತಳದ ಸಹಜ ರಂಧ್ರವೊಂದರ ಮೂಲಕ ಮೆದುಳಿನ ಆಳವನ್ನು ತಲುಪುವ ಅವರ ವಿಧಾನ ಹೆಸರು ಪಡೆಯಿತು. ಆ ಸಂಸ್ಥೆ ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದಿಗೆ ಕೂಡಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆದಾಗ ಅವರೇ ಅದರ ಮೊದಲ ನಿರ್ದೇಶಕರಾದರು. 2017ರಲ್ಲಿ ನಗರದ ಆಸ್ಪತ್ರೆಯೊಂದರಲ್ಲಿ ಬೆರಳುಗಳ ಸೆಡೆತದಿಂದ ಬಳಲುತ್ತಿದ್ದ ಸಂಗೀತಗಾರರೊಬ್ಬರು ಶಸ್ತ್ರಚಿಕಿತ್ಸೆಯ ನಡುವೆ ಗಿಟಾರ್ ನುಡಿಸಿದ ಸುದ್ದಿ ಜಗತ್ತಿನ ಗಮನ ಸೆಳೆಯಿತು; ಅಲ್ಲಿ ರೇಡಿಯೊ ಆವರ್ತನದ ವಿದ್ಯುತ್ತಿನ ಶಾಖದಿಂದ ಮೆದುಳಿನೊಳಗಿನ ಸಣ್ಣ ಬಿಂದುವೊಂದನ್ನು ಸುಡಲಾಗಿತ್ತು. ಮೆದುಳಿನ ಆಳದಲ್ಲಿ ಶಾಖವನ್ನು ಬಳಸುವುದು ಈ ಊರಿಗೆ ಅಪರಿಚಿತವಲ್ಲ. ಹೊಸದಾಗಿರುವುದು ಆ ಶಾಖ ಹರಡುವುದನ್ನು ಕಣ್ಣಾರೆ ನೋಡುತ್ತ ನಡೆಸುವ ಸಾಮರ್ಥ್ಯ.

ಲೇಸರ್ ಆಂತರಿಕ ಉಷ್ಣಚಿಕಿತ್ಸೆ, ಅಂದರೆ ವೈದ್ಯರ ಬಾಯಲ್ಲಿ 'ಲಿಟ್', ಈ ಸಾಮರ್ಥ್ಯದ ಮೇಲೆ ನಿಂತಿದೆ. ಇಂಥ ಚಿಕಿತ್ಸೆಯ ಕಲ್ಪನೆ 1983ರದು. ಜಪಾನಿನ ಸುಗಿಯಾಮಾ ಮತ್ತು ಸಂಗಡಿಗರು ಮೆದುಳಿನ ಗೆಡ್ಡೆಗೆ ಇದನ್ನು ಬಳಸಿದ ವರದಿ 1990ರದು. ಕೆಲವೇ ಮಿಲಿಮೀಟರ್ ಅಗಲದ ರಂಧ್ರದ ಮೂಲಕ ತಂಪುಗೊಳಿಸುವ ಕವಚವುಳ್ಳ ಬೆಳಕಿನ ಎಳೆಯನ್ನು ಗೆಡ್ಡೆಯ ನಡುವಿಗೆ ಇಳಿಸಿ, ರೋಗಿಯನ್ನು ಎಂಆರ್‌ಐ ಯಂತ್ರದೊಳಗೆ ಇರಿಸಿ ಲೇಸರ್ ಹಾಯಿಸಲಾಗುತ್ತದೆ. ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಬೀಜಗಳು ಎಂಆರ್‌ಐಗೆ ಕೊಡುವ ಸಂಕೇತದ ಆವರ್ತನ ಉಷ್ಣತೆ ಏರಿದಂತೆ ಸೂಕ್ಷ್ಮವಾಗಿ ಸರಿಯುವುದರಿಂದ, ಯಂತ್ರವೇ ಕೆಲವು ಸೆಕೆಂಡುಗಳಿಗೊಮ್ಮೆ ಉಷ್ಣತೆಯ ನಕ್ಷೆಯನ್ನು ಬಿಡಿಸಿ ತೋರಿಸುತ್ತದೆ. 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರೋಟೀನುಗಳು ಕೂಡಲೇ ಹೆಪ್ಪುಗಟ್ಟುತ್ತವೆ. 43 ಡಿಗ್ರಿಯಂಥ ಕಡಿಮೆ ಶಾಖವೂ ನಿಮಿಷಗಟ್ಟಲೆ ನಿಂತರೆ ಕೋಶಗಳು ಸಾಯುತ್ತವೆ. 100 ಡಿಗ್ರಿ ಸಮೀಪಿಸಿದರೆ ಆವಿ, ಕರಕಲುಗಳ ಅಪಾಯವಿರುವುದರಿಂದ ಅದನ್ನು ತಡೆಯಲಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗೆಯ ಎರಡು ಉಪಕರಣಗಳಿಗೆ 2007 ಮತ್ತು 2009ರಲ್ಲಿ ಅನುಮತಿ ನೀಡಿತು.

ಇದರ ನಿಜವಾದ ಉಪಯೋಗ ಎಲ್ಲಿ ಎಂಬುದು ಈಗ ಸಾಕಷ್ಟು ಸ್ಪಷ್ಟವಾಗಿದೆ. ತೆರೆದ ಶಸ್ತ್ರಚಿಕಿತ್ಸೆಯಿಂದ ತಲುಪಲು ಕಷ್ಟವಾದ ಆಳದ ಸಣ್ಣ ಗೆಡ್ಡೆಗಳು, ಕೇಂದ್ರೀಕೃತ ವಿಕಿರಣದ ಬಳಿಕ ಮರುಕಳಿಸಿದ ದ್ವಿತೀಯಕ ಗೆಡ್ಡೆಗಳು, ವಿಕಿರಣದಿಂದಲೇ ಸತ್ತು ಊದಿಕೊಂಡ ಅಂಗಾಂಶ, ಮತ್ತು ಗೆಡ್ಡೆಗಳಾಚೆಗೆ ಮೂರ್ಛೆರೋಗದ ಕೆಲವು ಮೂಲಸ್ಥಾನಗಳು ಇದಕ್ಕೆ ತಕ್ಕವು. ವಿಕಿರಣ ಪಡೆದ ದ್ವಿತೀಯಕ ಗೆಡ್ಡೆಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನದಲ್ಲಿ 42 ರೋಗಿಗಳಿದ್ದರು. ಪುರಾವೆ ಬಹುಪಾಲು ಇಂಥ ಸಣ್ಣ ಅಧ್ಯಯನಗಳಿಂದಲೂ ರೋಗಿಗಳ ನೋಂದಣಿ ದಾಖಲೆಗಳಿಂದಲೂ ಬಂದದ್ದೇ ಹೊರತು, ತೆರೆದ ಶಸ್ತ್ರಚಿಕಿತ್ಸೆಯೊಂದಿಗೆ ನೇರವಾಗಿ ಹೋಲಿಸಿದ ದೊಡ್ಡ ಪ್ರಯೋಗಗಳಿಂದಲ್ಲ. ಸುಮಾರು 3 ಸೆಂಟಿಮೀಟರ್‌ಗಿಂತ ದೊಡ್ಡ ಗೆಡ್ಡೆಯಲ್ಲಿ ಶಾಖ ಸಮವಾಗಿ ತಲುಪುವುದು ಕಷ್ಟ. ಕಾದು ಸತ್ತ ಗೆಡ್ಡೆ ಅಲ್ಲಿಯೇ ಉಳಿಯುವುದರಿಂದ ಕೆಲವು ದಿನ ಬಾವು ಹೆಚ್ಚುತ್ತದೆ. ಆಗಲೇ ಮೆದುಳನ್ನು ಒತ್ತುತ್ತಿರುವ ದೊಡ್ಡ ಗೆಡ್ಡೆಯಿದ್ದವರಿಗೆ ಇದು ಅಪಾಯಕಾರಿ. ರಕ್ತಸ್ರಾವ, ಸೋಂಕು, ಕೈಕಾಲುಗಳ ಬಲಹೀನತೆ ಇವು ಇಲ್ಲಿಯೂ ಸಂಭವಿಸುತ್ತವೆ. ಉಷ್ಣತೆಯ ನಕ್ಷೆ ನಿಜವಾದ ಶಾಖವನ್ನು ಕಡಿಮೆ ತೋರಿಸುವ ಸಾಧ್ಯತೆಯ ಬಗ್ಗೆ ಅದೇ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಕೆ ನೀಡಿತ್ತು. ತಲೆಬುರುಡೆ ತೆರೆಯದ ಲೇಸರ್ ಎಂಬ ಮಾತು ಈ ಒಂದು ಬಳಕೆಗೆ ಬಹುಮಟ್ಟಿಗೆ ನಿಜ. ಆದರೆ ಅದು ಆಯ್ದ ಕೆಲವರಿಗೆ ಮಾತ್ರ ಸಲ್ಲುವ ನಿಜ.

ಇಲ್ಲಿ ಒಂದು ಗೊಂದಲವನ್ನೂ ನಿವಾರಿಸಬೇಕು. ನಿಮ್ಹಾನ್ಸ್‌ನಲ್ಲಿ ಲಭ್ಯವಿರುವ ಗಾಮಾ ನೈಫ್ ಚಿಕಿತ್ಸೆಯನ್ನು ಅನೇಕರು ಲೇಸರ್ ಎಂದೇ ಕರೆಯುತ್ತಾರೆ. ಅದರಲ್ಲಿ ಲೇಸರ್ ಇಲ್ಲ, ಚಾಕುವೂ ಇಲ್ಲ. ಕೋಬಾಲ್ಟ್-60 ಎಂಬ ವಿಕಿರಣಶೀಲ ಧಾತುವಿನ ಸುಮಾರು 200 ಮೂಲಗಳಿಂದ ಹೊರಡುವ ಗಾಮಾ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡುವಂತೆ ಮಾಡಲಾಗುತ್ತದೆ. ಸಣ್ಣ ಮೆನಿಂಜಿಯೋಮಾ, ಶ್ರವಣನರದ ಗೆಡ್ಡೆ ಮುಂತಾದ ಹಲವು ಸಂದರ್ಭಗಳಲ್ಲಿ ಲಿಟ್‌ಗಿಂತ ಅದರ ಪುರಾವೆಯೇ ಹೆಚ್ಚು ಗಟ್ಟಿಯಾಗಿದೆ.

ಬಣ್ಣ ಬರಿಸುವ ಬೆಳಕು, ಔಷಧವನ್ನು ಎಬ್ಬಿಸುವ ಬೆಳಕು

ಗೆಡ್ಡೆಯ ಅಂಚನ್ನು ಕಾಣಿಸುವ ಪ್ರಯತ್ನಗಳಲ್ಲಿ ಮೊದಲು ಗಟ್ಟಿಯಾದ ಪುರಾವೆ ಪಡೆದದ್ದು ಪ್ರತಿದೀಪ್ತಿಯ ವಿಧಾನ. ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಹೊರಸೂಸುವ ಗುಣವೇ ಪ್ರತಿದೀಪ್ತಿ. 5-ಎಎಲ್‌ಎ ಎಂಬ ಪದಾರ್ಥವನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ 20 ಮಿಲಿಗ್ರಾಂನಂತೆ ಶಸ್ತ್ರಚಿಕಿತ್ಸೆಗೆ ಕೆಲವು ಗಂಟೆ ಮೊದಲು ಕುಡಿಸಿದರೆ, ಉಗ್ರ ಗ್ಲಯೋಮಾದ ಕೋಶಗಳು ಅದನ್ನು ಪ್ರೋಟೊಪಾರ್ಫಿರಿನ್ ಎಂಬ ವಸ್ತುವಾಗಿ ಮಾರ್ಪಡಿಸಿ ಕೂಡಿಟ್ಟುಕೊಳ್ಳುತ್ತವೆ. ಸೂಕ್ಷ್ಮದರ್ಶಕದಿಂದ ನೀಲಿ ಬೆಳಕು ಬಿಟ್ಟಾಗ ಗೆಡ್ಡೆ ಕೆಂಪಾಗಿ ಹೊಳೆಯುತ್ತದೆ. ಜರ್ಮನಿಯ ವಾಲ್ಟರ್ ಸ್ಟುಮ್ಮರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚಿತ್ರದಲ್ಲಿ ಕಾಣುವ ಗೆಡ್ಡೆಯನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾದದ್ದು ಸಾಮಾನ್ಯ ಬೆಳಕಿನಲ್ಲಿ ಶೇ. 36ರಷ್ಟು ರೋಗಿಗಳಲ್ಲಾದರೆ, ಈ ವಿಧಾನದಲ್ಲಿ ಶೇ. 65ರಷ್ಟು ರೋಗಿಗಳಲ್ಲಿ, ಆರು ತಿಂಗಳ ಬಳಿಕವೂ ರೋಗ ಮುಂದುವರಿಯದೆ ಉಳಿದವರು ಕ್ರಮವಾಗಿ ಶೇ. 21 ಮತ್ತು ಶೇ. 41. ಇಲ್ಲಿ ಬಳಕೆಯಾಗುವುದು ಸಾಮಾನ್ಯವಾಗಿ ಲೇಸರ್ ಅಲ್ಲ, ಸೋಸಿದ ನೀಲಿ ಬೆಳಕು. ಆದರೂ ಇದನ್ನು ಈ ಸಮೀಕ್ಷೆಯಿಂದ ಹೊರಗಿಡಲಾಗದು. ಕೈಯಲ್ಲಿರುವ ಆಯುಧ ಬದಲಾಗದಿದ್ದರೂ ಕಣ್ಣಿಗೆ ಕಾಣುವುದು ಬದಲಾದರೆ ಫಲಿತಾಂಶ ಬದಲಾಗುತ್ತದೆ ಎಂಬುದನ್ನು ಅಂಕಿಗಳಲ್ಲಿ ತೋರಿಸಿಕೊಟ್ಟದ್ದು ಈ ಪ್ರಯೋಗವೇ. ಕಣ್ಣಿನ ಪರೀಕ್ಷೆಯಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಫ್ಲುವೊರೆಸೀನ್ ಎಂಬ ಅಗ್ಗದ ಬಣ್ಣವೂ ತಕ್ಕ ಸೋಸುಗಾಜಿನೊಂದಿಗೆ ಇದೇ ದಿಕ್ಕಿನಲ್ಲಿ ನೆರವಾಗುತ್ತದೆ. ಅದು ಗೆಡ್ಡೆಯ ಕೋಶಗಳಿಗಿಂತ ರಕ್ತನಾಳಗಳ ಸೋರಿಕೆಯನ್ನೇ ಹೆಚ್ಚು ತೋರಿಸುವುದರಿಂದ ಅದರ ನಿಖರತೆ ಕಡಿಮೆ, ಆದರೆ ಸರ್ಕಾರಿ ಆಸ್ಪತ್ರೆಗಳಿಗೆ ಅದು ಕೈಗೆಟುಕುತ್ತದೆ.

ಬೆಳಕಿನಿಂದ ಔಷಧವನ್ನು ಸಕ್ರಿಯಗೊಳಿಸುವ ಚಿಕಿತ್ಸೆಯಲ್ಲಿ ಮುಂದಿರುವುದು ಜಪಾನ್. ಅಲ್ಲಿ ಟಾಲಾಪೊರ್ಫಿನ್ ಎಂಬ ಔಷಧವನ್ನು ಮೊದಲೇ ಚುಚ್ಚುಮದ್ದಾಗಿ ಕೊಟ್ಟು, ಗೆಡ್ಡೆಯನ್ನು ತೆಗೆದ ಕುಳಿಯ ಗೋಡೆಗಳ ಮೇಲೆ 664 ನ್ಯಾನೊಮೀಟರ್‌ನ ಕೆಂಪು ಲೇಸರ್ ಹಾಯಿಸುತ್ತಾರೆ. ಔಷಧ ಆಮ್ಲಜನಕವನ್ನು ಕ್ರಿಯಾಶೀಲ ರೂಪಕ್ಕೆ ತಿರುಗಿಸಿ ಉಳಿದ ಕೋಶಗಳನ್ನು ಕೊಲ್ಲುತ್ತದೆ. 2013ರಲ್ಲಿ ಅಲ್ಲಿ ಇದಕ್ಕೆ ಅನುಮತಿ ದೊರೆಯಿತು. ಬೆಳಕು ಕೆಲವು ಮಿಲಿಮೀಟರ್‌ಗಳಿಗಿಂತ ಆಳಕ್ಕೆ ಇಳಿಯದಿರುವುದು ಇದರ ಮುಖ್ಯ ಮಿತಿ.

ಗುರುತಿಸುವ ಬೆಳಕು

ಡ್ಯಾಂಡಿಯ ಅನುಭವ ಪ್ರಕಟವಾದ 1928ರಲ್ಲಿಯೇ, ಮಾರ್ಚ್ 16ರಂದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಸಭೆ ನಡೆಯಿತು. ಅಲ್ಲಿ ಸಿ.ವಿ. ರಾಮನ್ 'ಹೊಸ ವಿಕಿರಣ'ದ ಬಗ್ಗೆ ಉಪನ್ಯಾಸ ನೀಡಿದರು. ಕೆ.ಎಸ್. ಕೃಷ್ಣನ್ ಅವರೊಡಗೂಡಿ ಕಲ್ಕತ್ತೆಯಲ್ಲಿ ಕಂಡ ಆ ಪರಿಣಾಮದ ಸಾರ ಇಷ್ಟು: ಬೆಳಕು ಅಣುವೊಂದಕ್ಕೆ ತಾಗಿ ಚದುರುವಾಗ ಅದರ ಬಹು ಸಣ್ಣ ಪಾಲು ಅಣುವಿನ ಕಂಪನದೊಂದಿಗೆ ಶಕ್ತಿಯನ್ನು ಕೊಟ್ಟು ಪಡೆದು ಬಣ್ಣ ಬದಲಿಸಿಕೊಳ್ಳುತ್ತದೆ. ಒಂದೊಂದು ರಾಸಾಯನಿಕ ಬಂಧಕ್ಕೂ ಅದರದೇ ಆದ ಕಂಪನವಿರುವುದರಿಂದ, ಬದಲಾದ ಬಣ್ಣಗಳ ಸಾಲನ್ನು, ಅಂದರೆ ರೋಹಿತವನ್ನು, ಓದಿದರೆ ವಸ್ತುವಿನಲ್ಲಿ ಏನೇನಿದೆ ಎಂದು ತಿಳಿಯುತ್ತದೆ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ರಾಮನ್ ಬಾಳಿನ ಉಳಿದ ಕಾಲವನ್ನು ಬೆಂಗಳೂರಿನಲ್ಲಿಯೇ ಕಳೆದರು. ಮಲ್ಲೇಶ್ವರದ ಅವರ ಮನೆ 'ಪಂಚವಟಿ' ಇಂದಿಗೂ ಅವರ ನೆನಪಿನ ತಾಣವಾಗಿದೆ.

ಚದುರಿದ ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದರಷ್ಟೇ ಹೀಗೆ ಬಣ್ಣ ಬದಲಿಸುವುದರಿಂದ, ಪಾದರಸದ ದೀಪಗಳ ಕಾಲದಲ್ಲಿ ಒಂದು ರೋಹಿತವನ್ನು ಪಡೆಯಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಲೇಸರ್ ಬಂದ ಮೇಲೆ ತೀವ್ರವೂ ಏಕವರ್ಣವೂ ಆದ ಬೆಳಕು ದೊರೆತು, ಈ ಪರಿಣಾಮ ಪ್ರಯೋಗಾಲಯದಿಂದ ಶಸ್ತ್ರಚಿಕಿತ್ಸಾ ಕೊಠಡಿಗೆ ಬರುವುದು ಸಾಧ್ಯವಾಯಿತು. ಕೆನಡಾದ ಮಾಂಟ್ರಿಯಲ್‌ನ ಪೆಟ್ರೆಕ್ಕಾ, ಲೆಬ್ಲಾಂಡ್ ಮತ್ತು ಸಂಗಡಿಗರು ಕೈಯಲ್ಲಿ ಹಿಡಿಯುವ ರಾಮನ್ ಶಲಾಕೆಯೊಂದನ್ನು ರೂಪಿಸಿ, 17 ಗ್ಲಯೋಮಾ ರೋಗಿಗಳ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. 785 ನ್ಯಾನೊಮೀಟರ್‌ನ ಲೇಸರ್‌ನಿಂದ ಅಂಗಾಂಶದ ಅರ್ಧ ಮಿಲಿಮೀಟರ್ ಅಗಲದ ಜಾಗವನ್ನು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಪರೀಕ್ಷಿಸಿದ ಆ ಶಲಾಕೆ, ಗೆಡ್ಡೆಯಿದ್ದ ಜಾಗಗಳಲ್ಲಿ ಶೇ. 93ರಷ್ಟನ್ನೂ ಆರೋಗ್ಯವಂತ ಜಾಗಗಳಲ್ಲಿ ಶೇ. 91ರಷ್ಟನ್ನೂ ಸರಿಯಾಗಿ ಗುರುತಿಸಿತು.

ಇನ್ನೊಂದು ದಾರಿ ಪ್ರಚೋದಿತ ರಾಮನ್ ಚಿತ್ರಣದ್ದು. ಎರಡು ಲೇಸರ್ ಕಿರಣಗಳ ಬಣ್ಣಗಳ ನಡುವಿನ ಅಂತರವನ್ನು ಅಣುವಿನ ಕಂಪನಕ್ಕೆ ಸರಿಹೊಂದಿಸಿದರೆ ದುರ್ಬಲವಾದ ಸಂಕೇತ ಹಲವು ಪಟ್ಟು ಬಲಗೊಳ್ಳುತ್ತದೆ. ಇದರಿಂದ ಕೊಬ್ಬಿನ ಮತ್ತು ಪ್ರೋಟೀನಿನ ಹಂಚಿಕೆಯನ್ನು ಬೇರೆಬೇರೆಯಾಗಿ ಚಿತ್ರಿಸಿ, ಬಣ್ಣ ಹಾಕದ ತಾಜಾ ಅಂಗಾಂಶದ ಚೂರಿನಿಂದಲೇ ಸೂಕ್ಷ್ಮದರ್ಶಕದ ಚಿತ್ರದಂಥ ಚಿತ್ರವನ್ನು ಪಡೆಯಬಹುದು. ರೂಢಿಯ ಕ್ರಮದಲ್ಲಿ ಚೂರನ್ನು ರೋಗಶಾಸ್ತ್ರಜ್ಞರಿಗೆ ಕಳಿಸಿ, ಹೆಪ್ಪುಗಟ್ಟಿಸಿ, ಬಣ್ಣ ಹಾಕಿ ನೋಡಿ ಉತ್ತರ ಬರಲು ಅರ್ಧ ಗಂಟೆಯವರೆಗೂ ಹಿಡಿಯಬಹುದು. 278 ರೋಗಿಗಳನ್ನೊಳಗೊಂಡ, 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಈ ಚಿತ್ರಗಳನ್ನು ಕೃತಕ ಬುದ್ಧಿಮತ್ತೆ ಓದಿ 150 ಸೆಕೆಂಡುಗಳೊಳಗೆ ಉತ್ತರ ಕೊಟ್ಟಿತು. ಅದರ ನಿಖರತೆ ಶೇ. 94.6, ರೂಢಿಯ ಕ್ರಮದಲ್ಲಿ ರೋಗಶಾಸ್ತ್ರಜ್ಞರದು ಶೇ. 93.9. ಗೆಡ್ಡೆ ತೆಗೆದ ಕುಳಿಯ ಅಂಚಿನಲ್ಲಿ ಹರಡಿಕೊಂಡ ಕೋಶಗಳನ್ನು ಸುಮಾರು 10 ಸೆಕೆಂಡುಗಳಲ್ಲಿ ಅಂದಾಜಿಸುವ ವ್ಯವಸ್ಥೆಯ ವರದಿ 2024ರಲ್ಲಿ ಬಂದಿದೆ.

ಈ ವಿಧಾನಕ್ಕೂ ಮಿತಿಗಳಿವೆ. ಹರಿಯುವ ರಕ್ತ ಮತ್ತು ಕೊಠಡಿಯ ದೀಪಗಳ ಬೆಳಕು ಶಲಾಕೆಯ ಸಂಕೇತವನ್ನು ಕಲುಷಿತಗೊಳಿಸುತ್ತವೆ; ಅದು ಒಂದು ಬಾರಿಗೆ ಒಂದು ಸಣ್ಣ ಚುಕ್ಕೆಯನ್ನು ಮಾತ್ರ ನೋಡುತ್ತದೆ; ಚಿತ್ರಣದ ವಿಧಾನದಲ್ಲಿ ಚೂರನ್ನು ಹೊರತೆಗೆಯಲೇಬೇಕು; ಕೃತಕ ಬುದ್ಧಿಮತ್ತೆ ತಾನು ಕಲಿತ ಬಗೆಯ ಗೆಡ್ಡೆಗಳನ್ನಷ್ಟೇ ನಂಬಿಕೆಯಿಂದ ಗುರುತಿಸುತ್ತದೆ. ಹೆಚ್ಚಿನ ಗೆಡ್ಡೆಯನ್ನು ಗುರುತಿಸಿದ್ದರಿಂದ ರೋಗಿಗಳು ಹೆಚ್ಚು ಕಾಲ ಬದುಕಿದರು ಎಂಬುದನ್ನು ಸಾಬೀತುಪಡಿಸುವ ಕೆಲಸ ಇನ್ನೂ ಮುಂದಿದೆ. ಇಷ್ಟಾದರೂ, ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ನೇರವಾಗಿ ಎದುರಿಸುವ ಲೇಸರ್ ಇದೊಂದೇ.

ಬೆಂಗಳೂರು ಬಯಸಬೇಕಾದದ್ದು

ಹಳೆಯ ಬೆಂಗಳೂರಿನ ಕುಟುಂಬಗಳಿಗೆ ಮೆದುಳಿನ ಗೆಡ್ಡೆಯ ಚಿಕಿತ್ಸೆಯ ದಾರಿಗಳು ಹತ್ತಿರದಲ್ಲಿಯೇ ಇವೆ. ನಿಮ್ಹಾನ್ಸ್, ಅದರ ನೆರೆಯ ಕಿದ್ವಾಯಿ ಗಂಥಿ ಸಂಸ್ಥೆ, ಕಲಾಸಿಪಾಳ್ಯದ ಬಳಿಯ ವಿಕ್ಟೋರಿಯಾ ಆಸ್ಪತ್ರೆಯ ಆವರಣ, ವಿಶ್ವೇಶ್ವರಪುರದ ಕಿಮ್ಸ್, ಜೊತೆಗೆ ಖಾಸಗಿ ಆಸ್ಪತ್ರೆಗಳು ಈ ನಗರಕ್ಕಷ್ಟೇ ಅಲ್ಲ, ರಾಯಚೂರಿನಿಂದ ಚಾಮರಾಜನಗರದವರೆಗಿನ ಜನರಿಗೂ ಆಸರೆಯಾಗಿವೆ. ಸರ್ಕಾರಿ ಆಸ್ಪತ್ರೆಯ ಎಂಆರ್‌ಐ ಯಂತ್ರದ ಪ್ರತಿ ಗಂಟೆಗೂ ಕಾಯುವವರಿರುವ ಈ ಸನ್ನಿವೇಶದಲ್ಲಿ, ಹಲವು ಗಂಟೆ ಯಂತ್ರವನ್ನು ಒಬ್ಬ ರೋಗಿಗೇ ಮೀಸಲಿಡಬೇಕಾದ, ಪ್ರತಿ ರೋಗಿಗೂ ಹೊಸ ಎಳೆಯನ್ನು ಕೊಳ್ಳಬೇಕಾದ ಲಿಟ್ ಚಿಕಿತ್ಸೆಗೆ ಆದ್ಯತೆ ಕೊಡುವುದು ಕಷ್ಟ. ಬೇರೆ ಆಸ್ಪತ್ರೆಗಳು ರೋಗಿಗಳನ್ನು ಕಳಿಸುವ ಕೇಂದ್ರವೊಂದರಲ್ಲಿ, ಆಯ್ದ ರೋಗಿಗಳಿಗಾಗಿ, ಫಲಿತಾಂಶಗಳನ್ನು ದಾಖಲಿಸುವ ಕಟ್ಟುಪಾಡಿನೊಂದಿಗೆ ಅದು ದೊರೆತರೆ ಸಾಕು. ಕತ್ತರಿಸುವ ಲೇಸರ್‌ಗಿಂತ ಒಳ್ಳೆಯ ಸೂಕ್ಷ್ಮದರ್ಶಕ, ನ್ಯಾವಿಗೇಷನ್, ಪ್ರತಿದೀಪ್ತಿಯ ಸೋಸುಗಾಜುಗಳು ಹೆಚ್ಚು ಜನರಿಗೆ ಹೆಚ್ಚು ಉಪಯೋಗವಾಗುತ್ತವೆ.

ಗುರುತಿಸುವ ಲೇಸರ್‌ನ ಲೆಕ್ಕ ಬೇರೆ. ಅದರ ಮುಖ್ಯ ಖರ್ಚು ಉಪಕರಣದ್ದು, ಪ್ರತಿ ರೋಗಿಯದಲ್ಲ. ಅದಕ್ಕೆ ಬೇಕಾದ ವಿದ್ಯೆ ಈ ಊರಿನಲ್ಲಿ ಆಳವಾಗಿ ನೆಲೆಯೂರಿದೆ. ಮಲ್ಲೇಶ್ವರದ ಅಂಚಿನಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿ ಅವರ ತಂಡ ಹಲವು ಕೋನಗಳಿಂದ ರಾಮನ್ ಸಂಕೇತವನ್ನು ಸಂಗ್ರಹಿಸಿ ಪದರದೊಳಗೆ ಅಡಗಿದ ವಸ್ತುವನ್ನು ಗುರುತಿಸುವ ವಿಧಾನವನ್ನು 2014ರಲ್ಲಿ ಪ್ರಕಟಿಸಿತು. ನಿಮ್ಹಾನ್ಸ್‌ನಲ್ಲಿ ನರರೋಗಶಾಸ್ತ್ರದ ದೀರ್ಘ ಪರಂಪರೆಯೂ 1995ರಲ್ಲಿ ಆರಂಭವಾದ ಮಾನವ ಮೆದುಳು ಅಂಗಾಂಶ ಭಂಡಾರವೂ ಇವೆ. ರೋಹಿತವನ್ನು ಓದುವ ಯಂತ್ರಕ್ಕೆ ಪಾಠ ಹೇಳಲು ಬೇಕಾದದ್ದು ಖಚಿತವಾಗಿ ಹೆಸರಿಸಲಾದ ಅಂಗಾಂಶಗಳೇ. ಇಲ್ಲಿನ ರೋಗಿಗಳ ಗೆಡ್ಡೆಗಳಿಂದ ಕಲಿಯದ ಯಂತ್ರವನ್ನು ಹೊರಗಿನಿಂದ ತಂದು ಇಲ್ಲಿನ ರೋಗಿಗಳ ಮೇಲೆ ನಿರ್ಣಯ ಕೊಡಿಸುವುದು ಸರಿಯಲ್ಲ. ಭೌತವಿಜ್ಞಾನ, ರೋಗಶಾಸ್ತ್ರ, ಶಸ್ತ್ರಚಿಕಿತ್ಸೆ ಮೂರೂ ಒಂದೇ ನಗರದಲ್ಲಿ ಇಷ್ಟು ಹತ್ತಿರದಲ್ಲಿರುವುದು ಅಪರೂಪದ ಭಾಗ್ಯ, ಅದನ್ನು ಬಳಸಿಕೊಳ್ಳುವುದು ಹೊಣೆ.

ಕುಟುಂಬಗಳ ಮಟ್ಟದಲ್ಲಿ ಈ ಸಮೀಕ್ಷೆಯಿಂದ ಹೊರಡುವ ವಿವೇಕ ಸರಳವಾದದ್ದು. ಲೇಸರ್ ಚಿಕಿತ್ಸೆಯ ಪ್ರಸ್ತಾಪ ಬಂದಾಗ, ಅದು ನಾಲ್ಕು ಕೆಲಸಗಳಲ್ಲಿ ಯಾವುದನ್ನು ಮಾಡುತ್ತದೆ, ಗೆಡ್ಡೆಯ ಜಾತಿ ಅಂಗಾಂಶ ಪರೀಕ್ಷೆಯಿಂದ ಖಚಿತವಾಗಿದೆಯೇ, ಅದರ ಗಾತ್ರ ಮತ್ತು ಸ್ಥಾನ ಈ ವಿಧಾನಕ್ಕೆ ತಕ್ಕುದೇ, ತೆರೆದ ಶಸ್ತ್ರಚಿಕಿತ್ಸೆ ಅಥವಾ ಗಾಮಾ ನೈಫ್‌ಗಿಂತ ಇದು ಮೇಲೆಂದು ಹೇಳಲು ಆಧಾರವೇನು, ಅನಂತರದ ವಿಕಿರಣ ಮತ್ತು ಔಷಧಗಳಿಗೆ ಹಣ ಉಳಿಯುತ್ತದೆಯೇ ಎಂಬ ಪ್ರಶ್ನೆಗಳನ್ನು ಅಂಜಿಕೆಯಿಲ್ಲದೆ ಕೇಳಬೇಕು. ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆಯೂ ಮೊದಲೇ ವಿಚಾರಿಸಬೇಕು. ತೀವ್ರ ತಲೆನೋವು, ಮೊದಲ ಬಾರಿ ಬಂದ ಮೂರ್ಛೆ, ಮಾತಿನ ತೊದಲು, ದೃಷ್ಟಿಯ ಕುಂದು ಇವುಗಳನ್ನು ಅಲಕ್ಷಿಸದೆ ಬೇಗ ಪರೀಕ್ಷೆ ಮಾಡಿಸುವುದು ಯಾವ ಲೇಸರ್‌ಗಿಂತಲೂ ಹೆಚ್ಚಿನ ಫಲ ಕೊಡಬಲ್ಲದು.

ಒಟ್ಟಿನಲ್ಲಿ, ಆರು ದಶಕಗಳಲ್ಲಿ ಲೇಸರ್ ಶಸ್ತ್ರವೈದ್ಯರ ಕೈಗೆ ಒಂದು ಉಪಯುಕ್ತ ಆಯುಧವನ್ನು, ಆಯ್ದ ರೋಗಿಗಳಿಗೆ ಒಂದು ಸಣ್ಣ ರಂಧ್ರದ ಚಿಕಿತ್ಸೆಯನ್ನು, ಔಷಧಕ್ಕೆ ಒಂದು ಜೊತೆಗಾರನನ್ನು ಕೊಟ್ಟಿದೆ. ಗೆಡ್ಡೆಯ ಅಂಚನ್ನು ಅರಿಯುವ ಕಣ್ಣನ್ನು ಈಗ ಕೊಡುತ್ತಿದೆ. ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳು ರಾಮನ್ ವಿಧಾನದ ಮೇಲೆ ಜೊತೆಗೂಡಿ ದೀರ್ಘಕಾಲದ ಪ್ರಯೋಗವೊಂದನ್ನು ನಡೆಸಿ, ಅದರ ವಿವರಣೆಯನ್ನೂ ಒಪ್ಪಿಗೆಯ ಪತ್ರವನ್ನೂ ರೋಗಿಗಳಿಗೆ ಕನ್ನಡದಲ್ಲಿ ಕೊಟ್ಟು, ಗೆದ್ದದ್ದನ್ನೂ ಸೋತದ್ದನ್ನೂ ಬಹಿರಂಗವಾಗಿ ದಾಖಲಿಸಿದರೆ, ಈ ನಗರ ಮೆದುಳಿನ ಗೆಡ್ಡೆಯ ರೋಗಿಗಳಿಗೆ ನಿಜವಾದ ಉಪಕಾರ ಮಾಡಿದಂತಾಗುತ್ತದೆ.